ಒಂದೇ ಬುಡದ ಗದ್ದೆ

೧೪ ನವೆಂಬರ್, ಶುಕ್ರವಾರ. ಸಿಂಧನೂರು. ಊಟ ಆಗಿದೆ, ನಿದ್ದೆ ಬರುತ್ತಿಲ್ಲ.

ಜವಳಗೇರಾದ ಪಂಪಾಪತಿಯವರು ಕಟ್ಟಿಸಲಿರುವ ರೈಸ್ ಮಿಲ್ಲಿನ ತ್ರೀಡಿ ಚಿತ್ರವನ್ನು ಆಫೀಸಿನಲ್ಲಿ ನಾನು ಮಾಡುತ್ತಿದ್ದೇನೆ. ಸುತ್ತ ಭತ್ತದ ಗದ್ದೆ ತುಂಬಿದಾಗಲೆಲ್ಲ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಬೆಳಿಗ್ಗೆಯೂ ಆಫೀಸು ನಡೆಸುವ ಗಂಗಾಧರ ಸರ್ ಅಂದರು: "ಸಂಘಮಿತ್ರಾ, ಗದ್ದಿ ತಗದು ಹಸರು ಬಣ್ಣ ಬಳದು ಕೊಡವಾ. ನೀನೇನು ಅದರಾಗ ರಾಶಿ ಮಾಡಾಕಿ?"

ತೆಗೆಯಲಿಲ್ಲ. ಎಲೆ, ತೆನೆ, ಕಾಳು ಎಲ್ಲ ಇರುವ ಭತ್ತದ ಒಂದೇ ಬುಡ ಇಟ್ಟುಕೊಂಡೆ. ಅದರ ನಕಲು ಮಾಡುವುದನ್ನು ಬಿಟ್ಟು, ಅದನ್ನೇ ಎಲ್ಲೆಲ್ಲಿ, ಯಾವ ಕಡೆ ತಿರುಗಿಸಿ, ಎಷ್ಟು ಎತ್ತರಕ್ಕೆ ತೋರಿಸಬೇಕೆಂದಷ್ಟೇ ಕಂಪ್ಯೂಟರಿಗೆ ಹೇಳಿದೆ. ಈಗ ಅದು ಹೊರಬೇಕಾದದ್ದು ಒಂದು ಬುಡದ ಭಾರ ಮಾತ್ರ. ಬದುವಿನಿಂದ ಕಾಲುವೆಯವರೆಗೆ ಗದ್ದೆ ತುಂಬಿ ನಿಂತಿತು.

ಸಂಜೆ ಪಂಪಾಪತಿಯವರು ಪರದೆಗೆ ಮುಖ ತಾಗಿಸಿ ನೋಡಿದರು. "ಔಷಧ ಹೊಡಿಯಾಕ ನಡಕ ಹಾದಿ ಸೈತ ಬಿಟ್ಟೀರಲ್ರೀ. ಇದು ನಮ್ಮ ಗದ್ದೀನ. ಯಾರು ಮಾಡಿದ್ರಿ?"

"ನಮ್ಮ ಆಫೀಸಿನ್ಯಾಗ ಮಾಡೀವ್ರಿ," ಅಂದರು ಸರ್.

ನನ್ನ ಹೆಸರು ಹೇಳದಿದ್ದರೂ, ಪಂಪಾಪತಿಯವರು ಅದನ್ನು ತಮ್ಮದೇ ಗದ್ದೆ ಅಂದ ಖುಷಿ ಈಗಲೂ ಇಳಿದಿಲ್ಲ.

ಅನುವಾದದ ಕಾದಂಬರಿ ಕೈಗೆ ಬಂದರೆ ಅನುವಾದಕರ ಹೆಸರನ್ನೇ ಮೊದಲು ಹುಡುಕುವವಳು ನಾನು. ಸೋಮವಾರ ಕೊನೆಯ ಪ್ರತಿ ಕೊಡುವ ಮುಂಚೆ ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಹಾಕುತ್ತೇನೆ. ಸರ್‌ಗೆ ಇನ್ನೂ ಹೇಳಿಲ್ಲ.