ಒಂದು ಚಮಚ ತುಪ್ಪ

ಅಪ್ಪಾ,

ಇವತ್ತು ವಾರ್ಡಿನಲ್ಲಿ ಥೇಟ್ ನಿನ್ನಂಥವರೇ ಒಬ್ಬ ತಾತ ಸಿಕ್ಕಿದ್ದರು. ಕಿಚಡಿ ನೋಡಿ ಮೂತಿ ತಿರುವಿದರು. ಪಥ್ಯ ಹೇಳುವುದೇ ನನ್ನ ಕೆಲಸವಲ್ಲವೇ? ಅಕ್ಕಿಯಲ್ಲಿ ಕಡಿಮೆಯಿರುವ ಸತ್ವವನ್ನು ಬೇಳೆ ತುಂಬುತ್ತದೆ, ಬೇಳೆಯದನ್ನು ಅಕ್ಕಿ ತುಂಬುತ್ತದೆ ಎಂದು ಶುರುಮಾಡಿದೆ.

“ಪಾಠ ಆಮೇಲೆ ಹೇಳಮ್ಮ, ತುಪ್ಪ ಎಲ್ಲಿ? ಇದರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದು!”

ನಗು ತಡೆಯಲಾಗಲಿಲ್ಲ. ಡಾಕ್ಟರನ್ನು ಕೇಳಿದೆ. “ಒಂದು ಚಮಚ ಹಾಕಿ, ಏನಾಗಲ್ಲ” ಎಂದರು. ನಾನೇ ಹಾಕಿ ಕಲಸಿಕೊಟ್ಟೆ. ತಾತ ತಟ್ಟೆ ಬಳಿದು, ಬೆರಳು ಚೀಪಿ, “ಈಗ ಜೀವ ಬಂತು ನೋಡು ತಾಯಿ” ಎಂದರು.

ಅದೇ ವಾರ್ಡಿನಲ್ಲಿ ನೀನೂ ಹೀಗೇ ಕೇಳಿದ್ದೆ. “ಮೊದಲು ಮನೆಗೆ ಬಾ ಅಪ್ಪ, ಎಷ್ಟು ಬೇಕಾದ್ರೂ ಹಾಕ್ತೀನಿ” ಎಂದು ನಾನು ಅಂದಿದ್ದೆ.

ನಿನಗೆಂದು ತಂದಿಟ್ಟ ಆ ತುಪ್ಪದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ.