ಕೋವಿ ತೊಳೆದ ನೀರು

ಏನ್ರೀ,

ಮದ್ದು ತುಂಬಿ ಹೊಡೆಯುವ ನಿಮ್ಮ ಹಳೇ ಕೋವಿಯನ್ನು ಇವತ್ತು ನಿಮ್ಮ ತಮ್ಮ ಗುರಿ ಹೊಡೆಯುವ ಪಂದ್ಯಕ್ಕೆ ಒಯ್ದಿದ್ದ. ನೀವು ಹೋದಮೇಲೆ ಅದರಿಂದ ಗುಂಡು ಹಾರಿದ್ದು ಇದೇ ಮೊದಲು. ಸಂಜೆ ತಂದು ಅಡುಗೆಮನೆ ಗೋಡೆಗೆ ಒರಗಿಸಿ, "ಅತ್ತಿಗೆ, ಎಣ್ಣೆ ಹಚ್ಚಿ ಫಳಫಳ ಅನ್ನೋ ಹಾಗೆ ಮಾಡಿದ್ದೀನಿ, ಎತ್ತಿಟ್ಟುಬಿಡಿ" ಎಂದ.

ನನಗೇಕೋ ಅನುಮಾನ. ಸರಳಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಬಿಟ್ಟು ಎಳೆದರೆ, ಕಾಡಿಗೆಯಂಥ ಮಸಿ.

"ನೀರಲ್ಲಿ ತೊಳೆದ್ಯೇನಪ್ಪಾ?"

"ಕಬ್ಬಿಣಕ್ಕೆ ಯಾರಾದ್ರೂ ನೀರು ಹಾಕ್ತಾರಾ? ತುಕ್ಕು ಹಿಡಿಯಲ್ವಾ?"

"ತುಕ್ಕು ಹಿಡಿಸೋದೇ ಈ ಮಸಿ. ಅದರ ಮೇಲೆ ಎಣ್ಣೆ ಬಳಿದ್ರೆ ಒಳಗೊಳಗೇ ತಿಂದುಹಾಕತ್ತೆ" ಎಂದೆ. ನಿಮ್ಮದೇ ಮಾತು. ಇಷ್ಟು ವರ್ಷ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೇನೆ ಎಂದೇ ಅಂದುಕೊಂಡಿದ್ದೆ.

ಸೊಂಟ ಹಿಡಿದುಕೊಂಡಿತ್ತು. ಆದರೂ ನೀರು ಕಾಯಿಸಿದೆ. ಕುದಿಯುವ ನೀರನ್ನೇ ಹೊಯ್ಯಬೇಕು, ಆ ಬಿಸಿಗೆ ನಳಿಗೆ ತಾನೇ ಒಣಗುತ್ತದೆ ಎನ್ನುತ್ತಿದ್ದಿರಲ್ಲ. ಕಪ್ಪು ನೀರು ಸಿಂಕಿಗೆ ಬಿದ್ದದ್ದೇ ತಡ, ಅದೇ ಕೊಳೆತ ಮೊಟ್ಟೆಯ ನಾತ ಮನೆ ತುಂಬಿತು. ಈ ನಾತಕ್ಕೇ ಅಲ್ಲವೇ ನಾನು ನಿಮ್ಮನ್ನು ಪಾತ್ರೆಯ ಸಮೇತ ಹಿತ್ತಲಿಗೆ ಅಟ್ಟುತ್ತಿದ್ದದ್ದು, ಚಳಿಯಿರಲಿ, ಗಾಳಿಯಿರಲಿ.

ಹೊಯ್ಯುತ್ತ ಹೊಯ್ಯುತ್ತ ನೀರು ತಿಳಿಯಾಯಿತು. ಒರೆಸಿ, ಎಣ್ಣೆ ಹಚ್ಚಿ, ನೀವು ಇಡುತ್ತಿದ್ದ ಮೂಲೆಯಲ್ಲೇ ನಿಲ್ಲಿಸಿದೆ. ನಿಮ್ಮ ತಮ್ಮ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಎದ್ದ.

"ಇರ್ಲಿ ಬಿಡಪ್ಪಾ, ತೆಗೀಬೇಡ" ಎಂದೆ.