ಬತ್ತಿಜಲ್

ಫೆಬ್ರವರಿ ೧೨, ಬುಧವಾರ. ಬೆಳಿಗ್ಗೆ ೮.೫೦

ಡೊಂಬಿವಲಿಯಿಂದ ಠಾಣೆಗೆ ನಿಂತೇ ಬಂದೆ. ಪನ್ವೇಲ್ ಗಾಡಿಯಲ್ಲಿ ಸೀಟು ಸಿಕ್ಕಿತು, ಪುಣ್ಯ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಡಬ್ಬಿ, ಮತ್ತೆ ಧರ್ಮಪಾಲ ಶೆಟ್ಟರ ನೋಟ್‌ಬುಕ್.

ಶೆಟ್ಟರು ಹೋಗಿ ಎಂಟು ದಿನ. ಹಾರ್ಟ್ ಅಟ್ಯಾಕ್. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ ಪಕ್ಕ ಹೋಟೆಲು ಅವರದು. ಆದರೆ ಬೆಳಗಾದರೆ ಸೀವುಡ್ಸ್ ಹಿಂದಿನ ಕೆರೆಯಲ್ಲಿ ಹಾಜರು, ಕುತ್ತಿಗೆಗೆ ಬೈನಾಕ್ಯುಲರ್. ನಮ್ಮ ಬರ್ಡಿಂಗ್ ಗುಂಪಿನ ಅರ್ಧ ಜನಕ್ಕೆ ಹಕ್ಕಿ ನೋಡಲು ಕಲಿಸಿದವರು. ನನಗೂ.

ನಿನ್ನೆ ಗುಂಪಿನ ವಿಕಾಸ್ ಆಫೀಸಿಗೇ ಬಂದು ಇದನ್ನು ಕೊಟ್ಟ. "ಯಾಮಿನಿ ದೀದಿ, ಟೆಲಿಸ್ಕೋಪ್ ಕೇ ಬ್ಯಾಗ್ ಮೇ ಥಾ. ಪೂರಾ ಕನ್ನಡ ಹೈ. ತೇಯೀಸ್ ಕೋ ಆಪ್ ಹೀ ಪಢೋ ನಾ." ಟೆಲಿಸ್ಕೋಪಿನ ಬ್ಯಾಗಿನಲ್ಲಿತ್ತಂತೆ. ೨೩ಕ್ಕೆ ಕೆರೆದಡದಲ್ಲೇ ಸ್ಮರಣೆ, ನಾನೇ ಓದಬೇಕಂತೆ. ಗುಂಪಿನಲ್ಲಿ ಕನ್ನಡ ಓದುವವಳು ಮೈಸೂರಿನ ನಾನೊಬ್ಬಳೇ.

ನಾನು ಯಾವ ಮುಖ ಹೊತ್ತು ಓದಲಿ? ನವೆಂಬರ್ ೧೭ರಿಂದ ಆ ಕಡೆ ತಲೆಹಾಕಿಲ್ಲ. ಅಂದು "ಡನ್ಲಿನ್!" ಎಂದು ಕೂಗಿದೆ. ಶೆಟ್ಟರು ಎಲ್ಲರೆದುರು ನಕ್ಕರು. "ಎಂಥ ಡನ್ಲಿನ್ ಮಾರಾಯ್ತಿ! ಅದು ಕರ್ಲ್ಯೂ ಸ್ಯಾಂಡ್‌ಪೈಪರ್. ಮೊದ್ಲು ಕನ್ನಡಕ ಬದಲಿಸು." ಎರಡೂ ಬೂದು ಬಣ್ಣದ ಪುಟ್ಟ ಹಕ್ಕಿ, ಯಾರಿಗಾದರೂ ತಪ್ಪುತ್ತದೆ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ವಾಟ್ಸಾಪ್ ಗ್ರೂಪ್ ಬಿಟ್ಟೆ. ಅವರೂ ಫೋನ್ ಮಾಡಲಿಲ್ಲ... ನನ್ನ ಮೇಲಿನ ಸಿಟ್ಟಿನಲ್ಲೇ ಹೋದರಾ? ಅದೊಂದು ಗೊತ್ತಾಗಬೇಕು.

ಫೆಬ್ರವರಿ ೧೩. ಲಂಚ್ ಟೈಮ್

ನೋಟ್‌ಬುಕ್ಕಿನಲ್ಲಿ ಬರೀ ತಾರೀಕು, ಹಕ್ಕಿಯ ಹೆಸರು, ಲೆಕ್ಕ. ಫ್ಲೆಮಿಂಗೋ ೪೦೦. ಸ್ಟಿಲ್ಟ್ ೬೦. ಅಕ್ಷರವೋ, ದೇವರಿಗೇ ಪ್ರೀತಿ. ನವೆಂಬರ್ ೨೦ರಂದು ಒಂದು ಉದ್ದ ಸಾಲು — ಓದಲಾಗಲಿಲ್ಲ, ಬಿಟ್ಟೆ. ಆಮೇಲೆ ಅಲ್ಲಲ್ಲಿ ಒಂದೇ ಶಬ್ದ: ಬತ್ತಿಜಲ್.

ಬತ್ತಿ... ಜಲ್. ಜಲ ಬತ್ತಿದೆ! ಕೆರೆಯಲ್ಲಿ ನೀರು ಇಳಿದ ದಿನ ಗುರುತು ಹಾಕಿದ್ದಾರೆ. ಭಲೇ ಶೆಟ್ಟರೇ. ವಿಕಾಸ್‌ಗೆ ಮೆಸೇಜ್ ಹಾಕಿದೆ. ಅವನು ಖುಷಿಯಾಗಿ ಚಾರ್ಟ್ ಮಾಡುತ್ತೇನೆ ಎಂದಿದ್ದಾನೆ.

ಫೆಬ್ರವರಿ ೧೬, ಭಾನುವಾರ

ಎಲ್ಲೋ ಎಡವಟ್ಟಾಗಿದೆ.

ಬತ್ತಿಜಲ್ ಹನ್ನೊಂದು ಸಲ ಇದೆ. ನವೆಂಬರ್ ೨೪ರಿಂದ ಫೆಬ್ರವರಿ ೨ರ ತನಕ. ಹನ್ನೊಂದೂ ಭಾನುವಾರ! ಅವರು ವಾರದ ದಿನಗಳಲ್ಲೂ ಹೋಗುತ್ತಿದ್ದರು, ಆಗ ಈ ಶಬ್ದವೇ ಇಲ್ಲ. ಯಾವ ಕೆರೆ ಸ್ವಾಮಿ ಭಾನುವಾರ ಮಾತ್ರ ಬತ್ತುತ್ತದೆ? ವಿಕಾಸ್ ಆ ಭಾನುವಾರಗಳ ಫೋಟೋ ಕಳಿಸಿದ. ಕೆರೆ ತುಂಬಿ ತುಳುಕುತ್ತಿದೆ. ತಲೆ ಕೆಟ್ಟು ಗೊಬ್ಬರವಾಯಿತು.

ಫೆಬ್ರವರಿ ೧೮. ಸಂಜೆ, ನೆರೂಳ್ ಸ್ಟೇಷನ್ ಬೆಂಚು

ಲೋಲಾಕ್ಷಿಯಕ್ಕನ ಮನೆಯಿಂದ ಈಗಷ್ಟೇ ಬಂದೆ. ಶೆಟ್ಟರ ಹೆಂಡತಿ. ಪುಟ ತೆರೆದು, ಈ ಜಲ ಬತ್ತುವ ವಿಷಯ ಏನಕ್ಕಾ ಎಂದೆ.

"ಎಂಥ ಜಲ?" ಕನ್ನಡಕ ಏರಿಸಿ ನೋಡಿದರು. ಅತ್ತು ಊದಿದ ಮುಖ, ಅದರಲ್ಲೇ ನಗು ಬಂತು. "ಅಯ್ಯೋ ದೇವ್ರೆ! ಇದು ತುಳು ಅಲ್ವಾ? ಬತ್ತಿಜಲ್ ಅಂದ್ರೆ ಬರ್ಲಿಲ್ಲ ಅಂತ. ಅವಳು ಬರ್ಲಿಲ್ಲ."

ಅವಳು! ಹೆಂಡತಿಯ ಹತ್ತಿರವೇ ಬಂದು ಕೇಳಿದೆನಲ್ಲ, ನನ್ನ ಬುದ್ಧಿಗಿಷ್ಟು.

"ಯಾರಕ್ಕಾ... ಅವಳು?"

"ನೀನೇ ಮಾರಾಯ್ತಿ, ಮತ್ತ್ಯಾರು? ಪ್ರತಿ ಆದಿತ್ಯವಾರ ಮನೆಗೆ ಬಂದು ಅದೇ ಮಾತು — ಮೈಸೂರಿನವಳು ಇವತ್ತೂ ಬರ್ಲಿಲ್ಲ. ಒಂದು ಫೋನ್ ಮಾಡಿ ಅಂದೆ ನಾನು. ಅವ್ರು ಕೇಳ್ಬೇಕಲ್ಲ! ಎಲ್ಲರೆದುರು ನಗಾಡಿದ್ದು, ಎಲ್ಲರೆದುರೇ ಹೇಳ್ಬೇಕು ಅಂತ."

"ಏನು ಹೇಳೋಕೆ?"

ನಾನು ಬಿಟ್ಟ ಆ ಉದ್ದ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ಫೋಟೋ ತೂಯೆ. ಆಲ್ ಪಂಡಿನವೇ ಸರಿ. ಡನ್ಲಿನ್." ಅರ್ಥವನ್ನೂ ಅವರೇ ಹೇಳಿದರು: ಫೋಟೋ ನೋಡಿದೆ. ಅವಳು ಹೇಳಿದ್ದೇ ಸರಿ.

ಹನ್ನೊಂದು ಭಾನುವಾರ ಕಾದರು. ನಾನು ಡೊಂಬಿವಲಿಯಲ್ಲಿ ಮುಸುಕು ಹೊದ್ದು ಮಲಗಿದ್ದೆ. ನಾಚಿಕೆಯಾಗುತ್ತಿದೆ. ಮೂರು ಗಾಡಿ ಹೋದವು, ಎದ್ದು ಹತ್ತಲು ಮನಸ್ಸಿಲ್ಲ.

ಫೆಬ್ರವರಿ ೨೩, ಭಾನುವಾರ. ಬೆಳಿಗ್ಗೆ ೯.೧೫, ಕೆರೆದಡ

ಓದಿದೆ. 'ಜಲ್' ಕಥೆಯನ್ನೂ ಹೇಳಿದೆ. ಎಲ್ಲರೂ ನಕ್ಕರು, ಲೋಲಾಕ್ಷಿಯಕ್ಕನೂ. ವಿಕಾಸ್ ಪಾಪ, ಪ್ರಿಂಟ್ ಹಾಕಿಸಿ ತಂದಿದ್ದ ಚಾರ್ಟನ್ನು ಮೆಲ್ಲಗೆ ಮಡಚಿಟ್ಟ. ನವೆಂಬರ್ ೨೦ರ ಸಾಲನ್ನೂ ಓದಿದೆ. ಅವರು ಎಲ್ಲರೆದುರು ಹೇಳಬೇಕೆಂದಿದ್ದನ್ನು ನಾನೇ, ನನ್ನ ಬಾಯಿಂದಲೇ ಹೇಳಿದೆ. ಚಪ್ಪಾಳೆ ತಟ್ಟಿದರು. ಬೇಡವಾಗಿತ್ತು.

ಆಮೇಲೆ ಮ್ಯಾಂಗ್ರೋವ್ ಮೇಲೆ ಒಂದು ಗಿಡುಗ ತೇಲಿ ಬಂತು. ದೂರದಲ್ಲಿ, ಬಿಸಿಲಿಗೆ ಎದುರಾಗಿ. "ದೀದಿ, ಕ್ಯಾ ಹೈ?" ಎಂದ ವಿಕಾಸ್. ಎಲ್ಲರೂ ನನ್ನ ಕಡೆ ತಿರುಗಿದರು. ಮಾರ್ಷ್ ಹ್ಯಾರಿಯರ್ ಎಂದೆ. ಖಾತ್ರಿಯಿರಲಿಲ್ಲ. ರೆಕ್ಕೆ ಸರಿಯಾಗಿ ನೋಡಿರಲೇ ಇಲ್ಲ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಒಬ್ಬರೂ ನಗಲಿಲ್ಲ, ಒಬ್ಬರೂ ಅಲ್ಲ ಅನ್ನಲಿಲ್ಲ.

ಶೆಟ್ಟರೇ, ತಪ್ಪಿರಬಹುದು. ಒಂದು ಸಲ "ಎಂಥ ಹ್ಯಾರಿಯರ್ ಮಾರಾಯ್ತಿ" ಅಂತ—